ಕರೆ ಇದೆ, ಖುಷಿ ಎಲ್ಲಿ ಹೋಯ್ತು? ಕಾನ್ವೆಂಟ್ ಬದುಕಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಥೋಲಿಕ ಸಿಸ್ಟರ್, ಅಂದರೆ ಸನ್ಯಾಸಿನಿ. ಕಾನ್ವೆಂಟಿಗೆ ಸೇರಿ 29 ವರ್ಷ ಆಯಿತು. ಅದರಲ್ಲಿ ಜಾಸ್ತಿ ಕಾಲ ಕಳೆದದ್ದು ದಾವಣಗೆರೆ, ಚಿತ್ರದುರ್ಗದ ಕಡೆಯೇ. ಈ ಎರಡೂ ಜಿಲ್ಲೆಗಳು ಶಿವಮೊಗ್ಗ ಧರ್ಮಕ್ಷೇತ್ರಕ್ಕೆ, ಅಂದರೆ ಅಲ್ಲಿನ ಬಿಷಪರ ಆಡಳಿತಕ್ಕೆ ಸೇರಿವೆ. ಇಲ್ಲಿ ನಮ್ಮವರು ಕಡಿಮೆ, ಮನೆಗಳೂ ಚಿಕ್ಕವು. ಎಷ್ಟೋ ಕಡೆ ಮೂರು ನಾಲ್ಕು ಸಿಸ್ಟರ್‌ಗಳೇ ಒಂದು ಕಾನ್ವೆಂಟು. ಧ್ಯಾನಕೂಟಗಳಲ್ಲಿ, ಬಸ್ಸಿನಲ್ಲಿ, ವಾಟ್ಸಾಪಿನಲ್ಲಿ, ಹರಿಹರದ ಆರೋಗ್ಯ ಮಾತೆಯ ಹಬ್ಬದ ಜಂಗುಳಿಯಲ್ಲಿ ಜನ ಕೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ನನ್ನ ಅಭ್ಯಾಸ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಯಾರು, ಯಾವ ಊರು ಅನ್ನುವುದನ್ನು ಮಾತ್ರ ತೆಗೆದಿದ್ದೇನೆ.

## ಮೊದಲ ಪ್ರಶ್ನೆಗಳು

"ಸಿಸ್ಟರ್, ದೈವಕರೆ ಅಂದ್ರೆ ನಿಜಕ್ಕೂ ದನಿ ಕೇಳಿಸುತ್ತಾ?"

ನನಗೆ ಕೇಳಿಸಿಲ್ಲ. ಪಿಯುಸಿ ಓದುವಾಗ ನಮ್ಮೂರಿಗೆ ಬರುತ್ತಿದ್ದ ಒಬ್ಬ ಸಿಸ್ಟರನ್ನು ನೋಡಿ, ಹೀಗೆ ಬದುಕಿದರೆ ಚೆನ್ನ ಅನಿಸಿತು. ಆ ಅನಿಸಿಕೆ ಎರಡು ವರ್ಷ ಬಿಡಲಿಲ್ಲ. ಮದುವೆ ಮಾತು ಬಂದಾಗಲೂ ಬಿಡಲಿಲ್ಲ. ನನ್ನ ಕರೆ ಅಂದರೆ ಇಷ್ಟೇ. ಬಹಳ ಜನರದ್ದು ಹೀಗೇ, ಒಂದು ಆಸೆ ಹೋಗದೆ ಉಳಿದುಕೊಳ್ಳುತ್ತದೆ. ಅದು ನಿಜವೋ ಭ್ರಮೆಯೋ ನೋಡುವುದಕ್ಕೇ ಸಭೆ, ಅಂದರೆ ನಾವು ಸೇರುವ ಸಿಸ್ಟರ್‌ಗಳ ಸಂಘ, ಇಷ್ಟು ವರ್ಷ ಕಾಯಿಸುತ್ತದೆ. ನೊವಿಷಿಯೇಟ್ ಅನ್ನುವ ತರಬೇತಿಯ ಕಾಲ ಕನಿಷ್ಠ 12 ತಿಂಗಳು. ಆಮೇಲೆ ತಾತ್ಕಾಲಿಕ ವ್ರತ, ಸಾಮಾನ್ಯವಾಗಿ 3ರಿಂದ 6 ವರ್ಷ. ಬೇಕಾದರೆ ಒಟ್ಟು 9 ವರ್ಷದವರೆಗೂ ಎಳೆಯಬಹುದು. ಸಾಯುವವರೆಗಿನ ನಿತ್ಯವ್ರತ ಅದಾದ ಮೇಲೆ.

"ನೀವು ನಮ್ಮ ಮಠದ ಸ್ವಾಮಿಗಳ ಥರಾನ್ರಿ? ಫಾದರಿಗೂ ನಿಮಗೂ ಏನ್ ಫರಕು?"

ಇದನ್ನು ಕೇಳಿದವರು ಆಟೋ ಓಡಿಸುವ ಒಬ್ಬ ಅಣ್ಣ. ಚಿತ್ರದುರ್ಗದಲ್ಲಿ ಮಠ ಅಂದರೆ ಏನು ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ "ಸ್ವಲ್ಪ ಹಾಗೇ" ಅಂದೆ. ನಾವು ಮೂರು ವ್ರತ ತಗೊಳ್ಳುತ್ತೇವೆ: ಬಡತನ, ಬ್ರಹ್ಮಚರ್ಯ, ವಿಧೇಯತೆ. ಒಟ್ಟಿಗೆ ಬದುಕುತ್ತೇವೆ, ಸಂಬಳ ಬಂದರೆ ಮನೆಯ ಡಬ್ಬಿಗೆ ಹಾಕುತ್ತೇವೆ. ಧರ್ಮಕ್ಷೇತ್ರದ ಫಾದರ್ ಮದುವೆಯಾಗುವುದಿಲ್ಲ, ಧರ್ಮಾಧ್ಯಕ್ಷರ, ಅಂದರೆ ಬಿಷಪರ ಮಾತಿಗೆ ಬದ್ಧರು. ಆದರೆ ಬಡತನದ ವ್ರತ ಅವರಿಗಿಲ್ಲ. ಮಠದ ಸಭೆಗಳಿಗೆ ಸೇರಿದ ಫಾದರುಗಳಿಗೆ ಮೂರೂ ಉಂಟು. ನಾವು ಬಲಿಪೂಜೆ, ಅಂದರೆ ಚರ್ಚಿನ ಮಾಸ್, ಅರ್ಪಿಸುವುದಿಲ್ಲ, ಪೂಜೆಗೆ ಫಾದರೇ ಬೇಕು. ಆ ಅಣ್ಣ ಎಲ್ಲ ಕೇಳಿ, "ಅಂದ್ರೆ ನಿಮ್ಮದು ಜಾಸ್ತಿ ಕಷ್ಟ" ಅಂದರು. ಚೌಕಾಸಿ ಮಾಡದೆ ಬಾಡಿಗೆ ಕೊಟ್ಟೆ.

"ದೇವರಿಗಾಗಿ ಎಲ್ಲಾ ಬಿಟ್ಟು ಬಂದೋರಿಗೆ ಬ್ಯಾಸರ ಹೆಂಗ್ರಿ ಆಗ್ತೈತಿ?"

ಆಗುತ್ತದೆ. 1600 ವರ್ಷಗಳ ಹಿಂದೆಯೂ ಆಗುತ್ತಿತ್ತು. ಈಜಿಪ್ಟಿನ ಮರಳುಗಾಡಿನಲ್ಲಿ ತಪಸ್ಸು ಮಾಡುತ್ತಿದ್ದ ಇವಾಗ್ರಿಯಸ್ ಎಂಬ ಸನ್ಯಾಸಿ, ತೀರಿಕೊಂಡದ್ದು 399ರಲ್ಲಿ, ಇದನ್ನು ಮಧ್ಯಾಹ್ನದ ಪಿಶಾಚಿ ಎಂದು ಕರೆದರು. ಅವರು ಬರೆದ ಲಕ್ಷಣ ಓದಿದರೆ ನಗು ಬರುತ್ತದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಶುರು. ಸೂರ್ಯ ಕದಲುತ್ತಲೇ ಇಲ್ಲ, ದಿನಕ್ಕೆ ಐವತ್ತು ಗಂಟೆ ಇದ್ದ ಹಾಗೆ. ಊಟಕ್ಕೆ ಎಷ್ಟು ಹೊತ್ತಿದೆ ಎಂದು ಆಕಾಶ ನೋಡುವುದು. ಯಾರಾದರೂ ಬರುತ್ತಾರಾ ಎಂದು ಕಿಟಕಿಯಲ್ಲಿ ಇಣುಕುವುದು. ಆಮೇಲೆ ಈ ಜಾಗ ಸರಿಯಿಲ್ಲ, ಈ ಜನರಿಗೆ ಪ್ರೀತಿ ಇಲ್ಲ, ಬೇರೆ ಕಡೆ ಹೋದರೆ ಚೆನ್ನಾಗಿರುತ್ತೇನೆ ಅನಿಸುವುದು. ಸ್ಟಾಫ್ ರೂಮಿನಲ್ಲಿ ಕೂತ ನನ್ನನ್ನು ನೋಡಿಯೇ ಬರೆದಂತಿದೆ, ಅಲ್ವಾ?

ಆದ್ದರಿಂದ ಬೇಜಾರು ಬಂತು ಅಂದಕೂಡಲೇ ನಾನು ಕೆಟ್ಟವಳು ಅಂತ ತೀರ್ಮಾನಿಸಬೇಡಿ. ಇದು ಈ ಬದುಕಿನ ಜೊತೆಗೇ ಬರುವ ಕಾಯಿಲೆ. ಅಕ್ಕಸಾಲಿಗನಿಗೆ ಕಣ್ಣು ನೋವು ಬಂದ ಹಾಗೆ.

"ನನಗೆ ಆಗಿರೋದು ಬರೀ ಸುಸ್ತಾ, ಇಲ್ಲಾ ಕರೆಯೇ ಹೋಯ್ತಾ?"

ಮೊದಲು ರಕ್ತ ಪರೀಕ್ಷೆ ಮಾಡಿಸಿ. ತಮಾಷೆಗೆ ಹೇಳುತ್ತಿಲ್ಲ. ಒಬ್ಬ ಸಿಸ್ಟರ್ ಎರಡು ವರ್ಷ ತನ್ನ ವಿಶ್ವಾಸ ಬತ್ತಿತು ಎಂದು ಅಳುತ್ತಿದ್ದರು. ಥೈರಾಯ್ಡ್ ಮಾತ್ರೆ ಶುರು ಮಾಡಿದ ಮೇಲೆ ಅರ್ಧ ಅಳು ನಿಂತಿತು. ರಕ್ತ ಕಡಿಮೆ ಇದ್ದರೂ, ಮುಟ್ಟು ನಿಲ್ಲುವ ವಯಸ್ಸಿನಲ್ಲೂ ಹೀಗಾಗಬಹುದು.

ಎರಡನೆಯದು ನಿದ್ದೆ. ಎರಡು ವಾರ ಸರಿಯಾಗಿ ಮಲಗಿ, ಆಮೇಲೆ ಅದೇ ಪ್ರಶ್ನೆ ಕೇಳಿಕೊಳ್ಳಿ. ಬರೀ ಸುಸ್ತಾಗಿದ್ದರೆ ರಜೆಯಲ್ಲಿ ಹಗುರವಾಗುತ್ತದೆ. ಪ್ರಾರ್ಥನೆಯ ಬರಗಾಲವಾದರೆ ಪ್ರಾರ್ಥನೆ ಮಾತ್ರ ಒಣಗಿರುತ್ತದೆ. ಮಕ್ಕಳ ಜೊತೆ ನಗು ಬರುತ್ತದೆ, ಊಟ ರುಚಿಸುತ್ತದೆ. ಯಾವುದೂ ಬೇಡ, ಊಟ ಸೇರಲ್ಲ, ಬೆಳಗಾಗುವುದೇ ಬೇಡ ಅನಿಸಿದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಜಪಸರದ ಜೊತೆ ಡಾಕ್ಟರೂ ಬೇಕು. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಸಿಸ್ಟರ್ ಆಗಿ ಮಾನಸಿಕ ಡಾಕ್ಟರ ಹತ್ತಿರ ಹೋಗುವುದಾ ಅಂತ ಸಂಕೋಚ ಬೇಡ. ಹಲ್ಲು ನೋವಿಗೆ ಹೋಗುತ್ತೀರಲ್ಲ.

## ದಿನನಿತ್ಯದ ಮಾತು

"ಪ್ರಾರ್ಥನೆಗೆ ಕೂತರೆ ಏನೂ ಅನಿಸಲ್ಲ. ನಿದ್ದೆ ಬರುತ್ತೆ, ಇಲ್ಲಾ ಗಡಿಯಾರ ನೋಡ್ತೀನಿ."

ಆವಿಲಾದ ಸಂತ ತೆರೇಸಾ ಕೂಡ ಗಡಿಯಾರ ಯಾವಾಗ ಹೊಡೆಯುತ್ತದೆ ಅಂತಲೇ ಕಾಯುತ್ತಿದ್ದರು. ತಾವೇ ಒಪ್ಪಿಕೊಂಡಿದ್ದಾರೆ. 1535ರಲ್ಲಿ ಮಠ ಸೇರಿದವರು. ಸುಮಾರು 20 ವರ್ಷ ಅತ್ತಲೂ ಇಲ್ಲ ಇತ್ತಲೂ ಇಲ್ಲದ ಪ್ರಾರ್ಥನೆ. ಗಾಯಗೊಂಡ ಯೇಸುವಿನ ಒಂದು ಪ್ರತಿಮೆಯ ಮುಂದೆ ಅತ್ತು ಮನಸ್ಸು ತಿರುಗಿದಾಗ ಅವರಿಗೆ 40ರ ಹತ್ತಿರ. ಸುಧಾರಿಸಿದ ಮೊದಲ ಮಠ ಕಟ್ಟಿದ್ದು 1562ರಲ್ಲಿ. ಇನ್ನೊಬ್ಬ ತೆರೇಸಾ, ಲಿಸ್ಯುವಿನ ಚಿಕ್ಕ ತೆರೇಸಾ, ಪ್ರಾರ್ಥನೆಯಲ್ಲಿ ನಿದ್ದೆ ಹೋಗುತ್ತಿದ್ದರು. ಮಲಗಿದ ಮಗುವೂ ತಂದೆತಾಯಿಗೆ ಮುದ್ದೇ ಅಂತ ಸಮಾಧಾನ ಮಾಡಿಕೊಂಡರು.

ನಾನು ಮಾಡಿದ್ದು ಹೇಳುತ್ತೇನೆ. ಚೆನ್ನಾಗಿ ಪ್ರಾರ್ಥಿಸುವ ಪ್ರಯತ್ನ ಬಿಟ್ಟೆ. ಬೈಬಲಿನ ಕೀರ್ತನೆಯ ಒಂದೇ ಸಾಲು ಇಡೀ ವಾರ ಇಟ್ಟುಕೊಂಡೆ. ಸಮಯ ಮಾತ್ರ ಕಡಿಮೆ ಮಾಡಲಿಲ್ಲ. ಅರ್ಧ ಗಂಟೆ ಅಂದರೆ ಅರ್ಧ ಗಂಟೆ, ಏನೂ ಅನಿಸದಿದ್ದರೂ. ರಾತ್ರಿ ಮಲಗುವ ಮುಂಚೆ, ಇವತ್ತು ಎಲ್ಲಿ ಉಸಿರಾಡಿದೆ, ಎಲ್ಲಿ ಉಸಿರು ಕಟ್ಟಿತು ಎಂದು ಎರಡು ಸಾಲು ಬರೆದೆ. ಒಂದು ತಿಂಗಳಾದ ಮೇಲೆ ಓದಿದರೆ ಒಂದು ವಿಷಯ ಹೊಳೆಯಿತು. ಉಸಿರು ಕಟ್ಟಿದ್ದು ಪ್ರಾರ್ಥನೆಯಲ್ಲಲ್ಲ, ಆಫೀಸಿನಲ್ಲಿ.

"ಶಾಲೆ ಕೆಲಸದಲ್ಲೇ ದಿನ ಮುಗಿಯುತ್ತೆ. ಕಾಯಕವೇ ಕೈಲಾಸ ಅಲ್ವಾ ಸಿಸ್ಟರ್?"

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಚುಚ್ಚುತ್ತದೆ, ಯಾಕೆಂದರೆ ನಾನೂ ಇದನ್ನೇ ಹೇಳುತ್ತಿದ್ದೆ.

ಮಾತು ದೊಡ್ಡದೇ. ಬಸವಣ್ಣನವರದು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅದು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಆದರೆ ಮಾರಯ್ಯನ ಮನೆಯಲ್ಲಿ ಇನ್ನೊಬ್ಬರು ಇದ್ದರು, ಹೆಂಡತಿ ಲಕ್ಕಮ್ಮ. ಒಂದು ದಿನ ಮಾರಯ್ಯ ಎಂದಿಗಿಂತ ಜಾಸ್ತಿ ಅಕ್ಕಿ ಆಯ್ದು ತಂದ. ಲಕ್ಕಮ್ಮ ಶಭಾಷ್ ಅನ್ನಲಿಲ್ಲ. ಇಷ್ಟು ಯಾಕೆ ತಂದೆ, ಮಿಕ್ಕಿದ್ದನ್ನು ಅಲ್ಲೇ ಸುರಿದು ಬಾ ಅಂದಳು. ನಮ್ಮ ಕಾನ್ವೆಂಟುಗಳಲ್ಲಿ ಮಾರಯ್ಯಂದಿರು ಬೇಕಾದಷ್ಟು ಇದ್ದೇವೆ. ಕೊರತೆ ಇರುವುದು ಲಕ್ಕಮ್ಮನಿಗೆ.

ನಾನು ಒಂದು ಶಾಲೆಯಲ್ಲಿ ಹೆಡ್‌ಮಿಸ್ ಆಗಿದ್ದೆ. ಎಸ್‌ಎಸ್‌ಎಲ್‌ಸಿ ರಿಸಲ್ಟು, ಅಡ್ಮಿಷನ್ನು, ಬಿಇಒ ಆಫೀಸಿನ ಪತ್ರ, ಹೊಸ ಕಟ್ಟಡ. ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ ಮೂರು ಸಲ ಬಾಗಿಲಿಗೆ ಬಂದು ನಿಂತಿದ್ದಳು. ಮೂರು ಸಲವೂ "ಆಮೇಲೆ ಬಾಮ್ಮ" ಅಂದೆ. ನಾಲ್ಕನೇ ಸಲ ಅವಳು ಬರಲಿಲ್ಲ. ಮದುವೆ ಗೊತ್ತಾಗಿದೆ ಅಂತ ಹೇಳಲು ಬಂದಿದ್ದಳಂತೆ. ನಾನು ಓಡಾಡುವ ಹೊತ್ತಿಗೆ ತಡವಾಗಿತ್ತು. ಆ ವರ್ಷ ನಮ್ಮ ಶಾಲೆಗೆ ಒಳ್ಳೆಯ ರಿಸಲ್ಟು ಬಂತು. ಹಾರ ಹಾಕಿದರು. ಫೋಟೋದಲ್ಲಿ ನನ್ನ ಮುಖ ನೋಡಿದರೆ ಈಗಲೂ ಭಯವಾಗುತ್ತದೆ.

ಆಮೇಲೆ ಟೈಫಾಯ್ಡ್ ಬಂತು. ಸುಧಾರಿಸಿಕೊಳ್ಳಲಿ ಅಂತ ಚಳ್ಳಕೆರೆ ಕಡೆಯ ಒಂದು ಹಳ್ಳಿಯ ಮನೆಗೆ ಕಳಿಸಿದರು. ಮುಂಗಾರಿಗೆ ಮುಂಚಿನ ದಿನಗಳು. ಅಲ್ಲಿ ಜಗಲಿ ಜಗಲಿಯಲ್ಲೂ ಹೆಂಗಸರು ಬಿತ್ತನೆ ಶೇಂಗಾ ಸುಲಿಯುತ್ತಿದ್ದರು. ಬೀಜದ ಸಿಪ್ಪೆ ಗಾಯವಾಗಬಾರದು ಅಂತ ಕೈಯಲ್ಲೇ ಸುಲಿಯುತ್ತಾರೆ. ಒಂದು ಅಜ್ಜಿಯ ಪಕ್ಕ ಕೂತೆ. "ನಿನಗೇನು ಕೆಲಸ ಇಲ್ಲೇನವ್ವ?" ಅಂದಳು. "ಇಲ್ಲಜ್ಜಿ" ಅಂದೆ. ಹಾಗೆ ಹೇಳಿ ಎಷ್ಟು ವರ್ಷವಾಗಿತ್ತೋ! ಹೆಬ್ಬೆರಳು ಬೊಬ್ಬೆ ಬಂತು. ಅಜ್ಜಿ ತನ್ನ ಸೊಸೆಯನ್ನು ಬೈಯುತ್ತಿದ್ದಳು, ನಾನು ಕೇಳುತ್ತಿದ್ದೆ. ಪ್ರಾರ್ಥನೆ ಮಾಡಿಸಲಿಲ್ಲ, ಬುದ್ಧಿ ಹೇಳಲಿಲ್ಲ. ಸಂಜೆ ಪ್ರಾರ್ಥನಾಲಯಕ್ಕೆ ಹೋಗಿ ಕೂತಾಗ ಬಹಳ ದಿನದ ಮೇಲೆ ಅಳು ಬಂತು. ಮೊದಲು ಆ ಹುಡುಗಿಗಾಗಿ ಅತ್ತೆ.

ಶಾಲೆ ಬೇಡ ಅಂತ ನಾನು ಹೇಳುತ್ತಿಲ್ಲ. ವಾರದಲ್ಲಿ ಒಂದು ಮಧ್ಯಾಹ್ನ ಯಾವ ರಿಜಿಸ್ಟರಿಗೂ ಬಾರದ ಕೆಲಸಕ್ಕೆ ಇಟ್ಟುಕೊಳ್ಳಿ. ಒಂದು ಮನೆಗೆ ಹೋಗಿ ಸುಮ್ನೆ ಕೂತು ಬನ್ನಿ. ವರದಿ ಬರೆಯಬೇಡಿ.

"ಮನೆಯಲ್ಲಿ ಮೂರೇ ಜನ. ಒಬ್ಬರಿಗೊಬ್ಬರು ಮಾತಿಲ್ಲ. ಊಟದ ಮೇಜಲ್ಲಿ ಚಮಚದ ಸದ್ದು ಮಾತ್ರ."

ಹತ್ತು ಜನರ ಮನೆಯಲ್ಲಿ ಒಬ್ಬರ ಮೇಲೆ ಸಿಟ್ಟಾದರೆ ಇನ್ನೊಬ್ಬರ ಪಕ್ಕ ಕೂರಬಹುದು. ಮೂರು ಜನರ ಮನೆಯಲ್ಲಿ ಆ ಅನುಕೂಲ ಇಲ್ಲ. ಚಿಕ್ಕ ಮನೆಗಳ ಕಷ್ಟವೇ ಬೇರೆ.

ದೊಡ್ಡ ರಾಜಿ ಸಭೆಗಳಿಂದ ಏನೂ ಆಗುವುದಿಲ್ಲ, ನನ್ನ ಅನುಭವದಲ್ಲಿ ಜಗಳ ಹೊಸದಾಗಿ ಶುರುವಾಗುತ್ತದೆ. ಕೈಗೆ ಕೆಲಸ ಇರುವಾಗ ಮಾತು ಸಲೀಸು. ಒಟ್ಟಿಗೆ ಅವರೆಕಾಯಿ ಬಿಡಿಸಿ, ಹಪ್ಪಳ ಒತ್ತಿ. ಒಂದು ಮನೆಯಲ್ಲಿ ಇಬ್ಬರು ಸಿಸ್ಟರ್‌ಗಳ ಎಂಟು ತಿಂಗಳ ಮೌನ ಮುರಿದದ್ದು ಅಡುಗೆಮನೆಗೆ ನುಗ್ಗಿದ ಹಾವಿನಿಂದ. ಇಬ್ಬರೂ ಒಂದೇ ಸ್ಟೂಲು ಹತ್ತಿದ್ದರು. ಆದರೆ ಹಾವಿಗಾಗಿ ಕಾಯುವುದು ಬೇಡ. "ನಿಮ್ಮ ತಾಯಿ ಹೇಗಿದ್ದಾರೆ?" ಅಂತ ಇವತ್ತೇ ಕೇಳಬಹುದು.

"ವರ್ಗ ಮಾಡಿದ ಮೇಲೆ ಮನಸ್ಸೇ ಇಲ್ಲ. ಹಳೇ ಊರಿನ ಮಕ್ಕಳೇ ಕಣ್ಣ ಮುಂದೆ."

ಅಳಿ. ವಿಧೇಯತೆ ಅಂದರೆ ಅಳಬಾರದು ಅಂತಲ್ಲ. ಹೊಸ ಊರಿನಲ್ಲಿ ಮೂರು ಹೆಸರು ಕಲಿಯಿರಿ: ಹಾಲಿನವರದು, ಪಕ್ಕದ ಮನೆಯವರದು, ಬಸ್ ಸ್ಟ್ಯಾಂಡಿನ ಹೂವಿನವರದು. ಹೆಸರು ಗೊತ್ತಾದ ಊರು ಅರ್ಧ ನಮ್ಮದಾಗುತ್ತದೆ.

"ಹೊರಗೆ ಬೆಣ್ಣೆ ದೋಸೆ ತಿನ್ನೋಕೆ ಹೋದರೆ ಜನ ಏನಂತಾರೆ?"

ದಾವಣಗೆರೆಯಲ್ಲಿದ್ದು ಬೆಣ್ಣೆ ದೋಸೆ ತಿನ್ನದಿದ್ದರೆ ಜನ ಏನಾದರೂ ಅಂದಾರು. ವರ್ಷಕ್ಕೆರಡು ಸಲ ಎಲ್ಲರೂ ಸೇರಿ ಹೋಗಿ. ಬಡತನದ ವ್ರತ ಮುರಿಯುವುದಿಲ್ಲ. ಮಂಡಕ್ಕಿ, ಮೆಣಸಿನಕಾಯಿಗೆ ಅಷ್ಟೂ ಖರ್ಚಿಲ್ಲ.

"ನಮ್ಮ ಮಗಳು ಸಿಸ್ಟರ್. ಫೋನಲ್ಲಿ ದನಿ ಸಪ್ಪಗಿರುತ್ತೆ. ಮನೆಯೋರು ಏನು ಮಾಡೋದು?"

"ಊರಿಗೆಲ್ಲ ಹೇಳಿದ್ದೇವೆ, ಈಗ ವಾಪಸ್ ಬಂದರೆ ಮಾನ ಹೋಗುತ್ತೆ" ಅಂತ ಮಾತ್ರ ಹೇಳಬೇಡಿ. ಎಷ್ಟೋ ಹೆಣ್ಣುಮಕ್ಕಳು ಒಳಗೆ ಕೊರಗುವುದು ಈ ಮಾತಿಗೇ. "ಏನಾದರೂ ಸರಿ, ಈ ಮನೆ ನಿಂದೇ" ಅನ್ನಿ. ಬಾಗಿಲು ತೆರೆದಿದೆ ಅಂತ ಗೊತ್ತಿದ್ದವಳು ಒಳಗೆ ಉಳಿದರೆ ಮನಸ್ಸಿಟ್ಟು ಉಳಿಯುತ್ತಾಳೆ. ಆಮೇಲೆ ಸಲಹೆ ಕಡಿಮೆ ಮಾಡಿ, ಹೋಗಿ ಒಮ್ಮೆ ನೋಡಿಕೊಂಡು ಬನ್ನಿ. ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೋಗಿ.

## ಗಟ್ಟಿ ಪ್ರಶ್ನೆಗಳು

"ನನಗೀಗ 45. ಮಕ್ಕಳಿಲ್ಲ ಅನ್ನೋದು ಈಗ ಕಾಡ್ತಿದೆ. ಇದು ಪಾಪಾನಾ?"

ಪಾಪ ಅಲ್ಲ. 20ರಲ್ಲಿ ವ್ರತ ತಗೊಂಡಾಗ ಏನು ಬಿಡುತ್ತಿದ್ದೇವೆ ಅಂತ ಪೂರ್ತಿ ತಿಳಿದಿರಲಿಲ್ಲ. ದೇಹ ಈಗ ಲೆಕ್ಕ ಕೇಳುತ್ತಿದೆ. ಒಂದು ರೀತಿಯಲ್ಲಿ ಆ ವ್ರತವನ್ನು ಪೂರ್ತಿ ತಿಳಿದು ಕೊಡುವ ಹೊತ್ತು ಇದೇ.

2013ರ ಮೇ ತಿಂಗಳಲ್ಲಿ ಜಗದ್ಗುರು, ಅಂದರೆ ಪೋಪ್, ಫ್ರಾನ್ಸಿಸ್ ಸಿಸ್ಟರ್‌ಗಳ ಸಭೆಗಳ ಮುಖ್ಯಸ್ಥೆಯರ ಜೊತೆ ಮಾತಾಡುತ್ತ, ನೀವು ತಾಯಂದಿರಾಗಿರಬೇಕು, ಮದುವೆಯಾಗದೆ ಉಳಿದ ಸಿಡುಕಿನ ಹೆಂಗಸರ ಹಾಗಲ್ಲ ಅನ್ನುವ ಅರ್ಥದಲ್ಲಿ ಹೇಳಿದರು. ಕೇಳಿ ನನಗೆ ಮೊದಲು ಸಿಟ್ಟು ಬಂತು. ಗಂಡಸರು ಹೇಳುವುದು ಸುಲಭ ಅನಿಸಿತು. ಮದುವೆಯಾಗದ ಹೆಂಗಸರನ್ನು ಯಾಕೆ ಎಳೆದು ತಂದರು ಅಂತ ಈಗಲೂ ಅನಿಸುತ್ತದೆ. ಆದರೆ ಅದರಲ್ಲಿ ನಿಜವೂ ಇದೆ. ಪ್ರೀತಿಸದ ಬ್ರಹ್ಮಚರ್ಯ ಹುಳಿಯಾಗುತ್ತದೆ. ಈ ಸಂಕಟವನ್ನು ನಿಮ್ಮ ವಯಸ್ಸಿನ ಇನ್ನೊಬ್ಬ ಸಿಸ್ಟರ್ ಹತ್ತಿರ ಹೇಳಿ. "ನಂಗೂ" ಅಂತಾರೆ, ನೋಡಿ.

"ಮೇಲಿನವರಿಂದ ಅನ್ಯಾಯ ಆಗಿದೆ. ಖುಷಿಯಾಗಿರು ಅಂದರೆ ಮೈ ಉರಿಯುತ್ತೆ."

ಉರಿಯಬೇಕಾದದ್ದೇ. ಗಾಯದ ಮೇಲೆ ಸಂತೋಷದ ಉಪದೇಶ ಸವರಬಾರದು. ಮೊದಲು ನಡೆದದ್ದನ್ನು ತಾರೀಖು ಸಮೇತ ಬರೆದಿಡಿ. ನಂಬಿಕೆಯ ಒಬ್ಬರಿಗೆ ಹೇಳಿ. ಒಂದು ವಿಷಯ ನೆನಪಿರಲಿ: ನಿಮ್ಮ ಮನಸ್ಸಿನ ಒಳಗುಟ್ಟು ಬಿಚ್ಚುವಂತೆ ಸುಪೀರಿಯರ್, ಅಂದರೆ ನಿಮ್ಮ ಮೇಲಿನ ಸಿಸ್ಟರ್, ಒತ್ತಾಯ ಮಾಡುವ ಹಾಗಿಲ್ಲ. ಪಾಪನಿವೇದನೆ ಯಾರ ಹತ್ತಿರ, ಆತ್ಮಿಕ ಸಲಹೆ ಯಾರಿಂದ ಅನ್ನುವುದರಲ್ಲಿ ಧರ್ಮಸಭೆಯ ಕಾನೂನು ನಿಮಗೆ ಸ್ವಾತಂತ್ರ್ಯ ಕೊಟ್ಟಿದೆ. ಅಧಿಕಾರ ಬಳಸಿ ಲೈಂಗಿಕ ದೌರ್ಜನ್ಯ ನಡೆದಿದ್ದರೆ ದೂರು ತೆಗೆದುಕೊಳ್ಳುವ ವ್ಯವಸ್ಥೆ ಪ್ರತಿ ಧರ್ಮಕ್ಷೇತ್ರದಲ್ಲೂ ಇರಬೇಕು ಎಂದು 2019ರಲ್ಲೇ ಜಗದ್ಗುರುಗಳ ಆದೇಶ ಆಗಿದೆ. ಪೊಲೀಸ್ ಠಾಣೆಯೂ ಇದೆ. ಹೇಳಿದರೆ ಸಭೆಯ ಹೆಸರು ಕೆಡುತ್ತದೆ ಅನ್ನುವವರಿಗೆ, ಕೆಡಿಸಿದವರು ಹೇಳಿದವರಲ್ಲ ಅನ್ನಿ.

"ಬಿಟ್ಟು ಹೋಗೋಣ ಅನಿಸಿದೆ. ಹೇಗೆ ನಿರ್ಧಾರ ಮಾಡೋದು?"

ಲೊಯೊಲಾದ ಸಂತ ಇಗ್ನೇಷಿಯಸರ ಒಂದು ನಿಯಮ: ಮನಸ್ಸು ಕತ್ತಲಲ್ಲಿರುವಾಗ ಹಿಂದೆ ಬೆಳಕಲ್ಲಿ ಮಾಡಿದ ನಿರ್ಧಾರ ಬದಲಿಸಬೇಡ. ಮಳೆ ಹೊಡೆಯುವಾಗ ಮನೆ ಬದಲಿಸುವುದಿಲ್ಲವಲ್ಲ, ಹಾಗೆ. ಮಳೆ ನಿಲ್ಲಲಿ. ಮನಸ್ಸು ತಿಳಿಯಾದ ಮೇಲೂ ಹೋಗಬೇಕು ಅನಿಸಿದರೆ ಆ ಅನಿಸಿಕೆಗೆ ಬೆಲೆ ಇದೆ. ಆದರೆ ಹಿಂಸೆ ನಡೆಯುತ್ತಿರುವ ಮನೆಯಿಂದ ಹೊರಬರಲು ಈ ನಿಯಮ ಅಡ್ಡ ಬರುವುದಿಲ್ಲ. ಬೆಂಕಿ ಬಿದ್ದರೆ ಮಳೆಯಲ್ಲೂ ಹೊರಗೆ ಓಡಬೇಕು.

ದಾರಿಗಳು ಗೊತ್ತಿರಲಿ. ತಾತ್ಕಾಲಿಕ ವ್ರತದ ಅವಧಿ ಮುಗಿದಾಗ ಹೋಗಲು ನೀವು ಸ್ವತಂತ್ರರು. ನಿತ್ಯವ್ರತ ಆದವರು ವ್ರತ ಬಿಡದೆಯೇ ಸ್ವಲ್ಪ ಕಾಲ ಹೊರಗಿದ್ದು ಯೋಚಿಸಲು ಅನುಮತಿ ಕೇಳಬಹುದು. ಇಡೀ ಸಭೆಯ ಮುಖ್ಯಸ್ಥೆಯಾದ ಮಹಾಮಾತೆ ಕೊಡಬಹುದಾದ ಆ ಅವಧಿಯನ್ನು 2022ರಲ್ಲಿ 3 ವರ್ಷದಿಂದ 5ಕ್ಕೆ ಏರಿಸಿದರು. ಪೂರ್ತಿ ಬಿಡುಗಡೆಗೆ ಕೆಲವು ಸಭೆಗಳಿಗೆ ಧರ್ಮಾಧ್ಯಕ್ಷರು ಸಾಕು, ಉಳಿದವಕ್ಕೆ ರೋಮಿನ ಅನುಮತಿ ಬೇಕು. ಮಾಡಿದ ಕೆಲಸಕ್ಕೆ ಹಣ ಕೊಡಿ ಅಂತ ಹಕ್ಕಿನಿಂದ ಕೇಳಲಾಗದು. ಆದರೆ ಹೋಗುವವರನ್ನು ನ್ಯಾಯ, ಪ್ರೀತಿಯಿಂದ ಕಾಣಬೇಕು ಅಂತ ಕಾನೂನೇ ಹೇಳುತ್ತದೆ. ನನ್ನ ಜೊತೆ ನೊವಿಷಿಯೇಟಿನಲ್ಲಿದ್ದ ಒಬ್ಬಳು ಬಿಟ್ಟು ಹೋದಳು. ಈಗ ನರ್ಸ್, ಎರಡು ಮಕ್ಕಳು. ಅವಳು ಓಡಿ ಹೋದವಳಲ್ಲ, ಯೋಚಿಸಿ ಹೋದವಳು. ಹಬ್ಬಕ್ಕೆ ನಮ್ಮ ಮನೆಗೆ ಬರುತ್ತಾಳೆ.

"ಮದರ್ ತೆರೇಸಾಗೇ ಜೀವನವಿಡೀ ಒಳಗೆ ಕತ್ತಲಿತ್ತಂತೆ. ಹಾಗಾದ್ರೆ ಈ ಆನಂದ ಅನ್ನೋದೇ ಸುಳ್ಳಾ?"

ಅವರ ಪತ್ರಗಳು ಹೊರಬಂದದ್ದು 2007ರಲ್ಲಿ, ತೀರಿಕೊಂಡು 10 ವರ್ಷದ ಮೇಲೆ. ಸುಮಾರು 50 ವರ್ಷ ದೇವರು ಇಲ್ಲ ಅನ್ನುವಂಥ ಬರಿದು. ಓದಿ ಕೆಲವರು ಮೋಸ ಅಂದರು. ನಾನು ಹಿರಿಯೂರಿನ ಮಾರಿಕಣಿವೆ ಅಣೆಕಟ್ಟೆ, ಅಂದರೆ ವಾಣಿವಿಲಾಸ ಸಾಗರ, ನೆನೆಸಿಕೊಂಡೆ.

ಅದು 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ನೋಡಲು ಜಾತ್ರೆಯಂತೆ ಜನ ಸೇರಿದ್ದರು, ನಾವೂ ಹೋಗಿದ್ದೆವು. ಆದರೆ ಆ 89 ವರ್ಷ ಕಟ್ಟೆ ಸುಮ್ಮನಿತ್ತಾ? ಅರ್ಧ ತುಂಬಿದಾಗಲೂ, ತಳ ಕಂಡಾಗಲೂ ಅದೇ ನೀರು ತೋಟಕ್ಕೆ ಹೋಯಿತು, ಚಿತ್ರದುರ್ಗದ ನಲ್ಲಿಗೆ ಬಂತು. ತುಂಬಿ ಹರಿಯದ ಕಟ್ಟೆಯನ್ನು ಯಾರೂ ಸುಳ್ಳು ಕಟ್ಟೆ ಅನ್ನಲಿಲ್ಲ. ಇನ್ನೊಂದು ವಿಷಯ, ಅದು ತುಂಬಿದ್ದು ವೇದಾವತಿಯ ಮಳೆಯೊಂದರಿಂದಲೇ ಅಲ್ಲ. ಅದಕ್ಕೂ ಮುಂಚೆ ಭದ್ರೆಯ ನೀರನ್ನು ಎತ್ತಿ ಹರಿಸಲು ಶುರು ಮಾಡಿದ್ದರು. ನನ್ನ ಖುಷಿಯೂ ನನ್ನ ಒಳಗಿನಿಂದ ಉಕ್ಕಲಿಲ್ಲ. ಶೇಂಗಾ ಸುಲಿಯುವ ಅಜ್ಜಿಯಿಂದ ಬಂತು.

"ಖುಷಿ ವಾಪಸ್ ಬಂದಿದೆ ಅಂತ ಗೊತ್ತಾಗೋದು ಹೇಗೆ?"

20 ವರ್ಷದವಳಿದ್ದಾಗಿನ ಖುಷಿಯನ್ನು ಹುಡುಕಬೇಡಿ. ಅದು ಹಾಗೇ ಬರುವುದಿಲ್ಲ. ಆಗ ವ್ರತದ ದಿನ ನೆಲ ಕಾಲಿಗೆ ತಾಕುತ್ತಿರಲಿಲ್ಲ. ಈಗಿನದು ಅಷ್ಟು ಸದ್ದು ಮಾಡುವುದಿಲ್ಲ. ಬೇರೆಯವರಿಗೇ ಮೊದಲು ಗೊತ್ತಾಗುತ್ತದೆ.

ನನ್ನದು ಗೊತ್ತಾದದ್ದು ಅಡುಗೆಮನೆಯಲ್ಲಿ. ರೊಟ್ಟಿ ತಟ್ಟುತ್ತ ಏನೋ ಗುನುಗುತ್ತಿದ್ದೆನಂತೆ, ನನಗೆ ಅರಿವೇ ಇರಲಿಲ್ಲ. ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಸಿಸ್ಟರ್ ತಲೆ ಎತ್ತದೆ ಹೇಳಿದರು: "ಶ್ರುತಿ ಪೂರ್ತಿ ತಪ್ಪಿದೆ. ಆದ್ರೂ ಹಾಡಿ."